ಕುದುರೆ ಮಾತು ಕೇಳುತ್ತಿಲ್ಲವೇ? ಹಟ ಅನ್ನುವ ಮೊದಲು ನೋಡಬೇಕಾದ್ದು

"ಈ ಕುದುರೆಗೆ ಬರೀ ಹಟ" ಎಂದು ಯಾರಾದರೂ ಹೇಳಿದಾಗ ನನಗೆ ಗೌರಿ ನೆನಪಾಗುತ್ತಾಳೆ. ರೇಸ್ ಬಿಟ್ಟು ಕುಣಿಗಲ್ ಹತ್ತಿರದ ನಮ್ಮ ತೋಟಕ್ಕೆ ಬಂದ ಹೆಣ್ಣು ಕುದುರೆ ಅವಳು. ಬಂದ ಹೊಸದರಲ್ಲಿ ಜೀನು ಕಂಡರೆ ಸಾಕು, ಎರಡೂ ಕಿವಿ ಹಿಂದಕ್ಕೆ ಅಂಟಿಸಿ ಹಲ್ಲು ತೋರಿಸುತ್ತಿದ್ದಳು. ನಾನೂ ಎರಡು ವಾರ ಅದನ್ನು ಹಟ ಎಂದೇ ತಿಳಿದಿದ್ದೆ. ಮೈಸೂರಿನಲ್ಲಿ ಬಹಳ ವರ್ಷ ಟಾಂಗಾ ಓಡಿಸಿದ ಹಿರಿಯರೊಬ್ಬರು ತೋಟಕ್ಕೆ ಬಂದಿದ್ದರು. ಅವಳ ಭುಜದ ಪಕ್ಕ ನಿಂತು, ಬೆನ್ನಿನ ಮೇಲೆ ಎರಡು ಬೆರಳಿಟ್ಟು ನಿಧಾನವಾಗಿ ಹಿಂದಕ್ಕೆ ಎಳೆಯುತ್ತಾ ಹೋದರು. ಒಂದು ಜಾಗಕ್ಕೆ ಬಂದಾಗ ಅವಳ ಚರ್ಮ ಅದುರಿತು, ಬೆನ್ನು ಕೆಳಕ್ಕೆ ಬಗ್ಗಿತು.

"ಇಲ್ಲಿ ನೋಯ್ತಾ ಇದೆ ಕಣಪ್ಪಾ ಇದಕ್ಕೆ" ಅಂದರು.

"ಮತ್ತೆ ಇಷ್ಟು ದಿನ ಯಾಕೆ ಗೊತ್ತಾಗಲಿಲ್ಲ ಚಾಚಾ?"

"ಅದು ದಿನಾ ಹೇಳ್ತಾನೇ ಇತ್ತಲ್ಲಪ್ಪಾ."

ಅಂದಿನಿಂದ ಯಾವ ತೊಂದರೆ ಬಂದರೂ ನಾನು ಒಂದೇ ಕ್ರಮದಲ್ಲಿ ಹುಡುಕುತ್ತೇನೆ. ಮೊದಲು ಮೈ, ಆಮೇಲೆ ಜೀನು ಲಗಾಮು, ಆಮೇಲೆ ಮೇವು ಮತ್ತು ಲಾಯ, ಆಮೇಲೆ ನಾನು ಕೇಳುತ್ತಿರುವ ರೀತಿ. ಇದರಲ್ಲಿ ಹೆಚ್ಚಿನದ್ದಕ್ಕೆ ಒಂದು ರೂಪಾಯಿಯೂ ಖರ್ಚಿಲ್ಲ. ಕಣ್ಣು, ಬೆರಳು, ಸ್ವಲ್ಪ ಹೊತ್ತು ಇದ್ದರೆ ಸಾಕು. ಕೆಳಗಿನದ್ದನ್ನೆಲ್ಲ ನಿಮ್ಮ ಕಣ್ಣಿಗೆ ಬೀಳುವ ಲಕ್ಷಣದ ಪ್ರಕಾರ ಬರೆದಿದ್ದೇನೆ. ನಿಮಗೆ ಬೇಕಾದ ಭಾಗಕ್ಕೆ ನೇರವಾಗಿ ಹೋಗಬಹುದು, ಆದರೆ ಮೊದಲನೆಯದನ್ನು ಮಾತ್ರ ಎಲ್ಲರೂ ಓದಿ.

ಕೈ ಹಾಕುವ ಮೊದಲು

ದೊಡ್ಡ ಕುದುರೆ 400ರಿಂದ 500 ಕಿಲೋ ತೂಗುತ್ತದೆ. ಬೇಕೆಂದು ಒದೆಯಬೇಕಾಗಿಲ್ಲ, ಬೆಚ್ಚಿ ಪಕ್ಕಕ್ಕೆ ಹಾರಿದರೂ ನಮ್ಮ ಕಾಲು ಮುರಿಯುತ್ತದೆ.

ಕುದುರೆಯ ಕಣ್ಣು ತಲೆಯ ಎರಡು ಪಕ್ಕಕ್ಕಿದೆ. ಸುತ್ತಲೂ ಬಹುತೇಕ ಕಾಣುತ್ತದೆ. ಕಾಣದ್ದು ಎರಡು ಜಾಗ: ಹಣೆಯ ನೇರ ಮುಂದೆ, ಬಾಲದ ನೇರ ಹಿಂದೆ. ಅಲ್ಲಿಂದ ಸದ್ದಿಲ್ಲದೆ ಹೋಗಬೇಡಿ. ದೂರದಿಂದಲೇ ಮಾತಾಡುತ್ತಾ, ಭುಜದ ಕಡೆಗೆ ಓರೆಯಾಗಿ ನಡೆಯಿರಿ.

ಹಗ್ಗವನ್ನು ಎಂದೂ ಕೈಗೆ ಸುತ್ತಿಕೊಳ್ಳಬೇಡಿ, ಮಡಚಿ ಹಿಡಿಯಿರಿ. ಸುತ್ತಿಕೊಂಡಿದ್ದಾಗ ಕುದುರೆ ಓಡಿದರೆ ಬೆರಳು ಹೋಗುತ್ತದೆ. ಚಪ್ಪಲಿ ಬೇಡ, ಗಟ್ಟಿ ಬೂಟು ಇರಲಿ. ಹತ್ತುವುದಾದರೆ ಹೆಲ್ಮೆಟ್ ಇಲ್ಲದೆ ಬೇಡವೇ ಬೇಡ. ಕಾಲ ಬಳಿ ಕೆಲಸವಿದ್ದರೆ ನೆಲಕ್ಕೆ ಕೂರಬೇಡಿ, ಥಟ್ಟನೆ ಏಳುವಂತೆ ಬಗ್ಗಿ ನಿಲ್ಲಿ. ಕೂಗಿದರೆ ಕೇಳುವಷ್ಟು ಹತ್ತಿರ ಇನ್ನೊಬ್ಬರಿರಲಿ. ಕಿವಿ ಪೂರ್ತಿ ಹಿಂದಕ್ಕೆ ಅಂಟಿ, ಹಿಂಭಾಗ ನಿಮ್ಮ ಕಡೆ ತಿರುಗಿತು ಅಂದರೆ ಅವತ್ತಿನ ಕೆಲಸ ಅಲ್ಲಿಗೆ ನಿಲ್ಲಿಸಿ ಹೊರಗೆ ಬನ್ನಿ. ಚಿಕ್ಕ ಮಕ್ಕಳನ್ನು ಇಂಥ ಸಮಯದಲ್ಲಿ ಬೇಲಿಯ ಆಚೆಗೇ ನಿಲ್ಲಿಸಿ.

ಲಕ್ಷಣ: ಹಿಡಿಯಲು ಹೋದರೆ ದೂರ ಹೋಗುತ್ತದೆ

ಎಲ್ಲರೂ ಮೊದಲು ಹೇಳುವ ದೂರು ಇದು. ಮೊದಲು ಒಂದು ಲೆಕ್ಕ ಹಾಕಿ. ಕಳೆದ ವಾರ ನೀವು ಕುದುರೆಯನ್ನು ಎಷ್ಟು ಸಲ ಹಿಡಿದಿರಿ? ಅದರಲ್ಲಿ ಎಷ್ಟು ಸಲ ಕೆಲಸಕ್ಕೆ, ಇಂಜೆಕ್ಷನ್‌ಗೆ, ಕಟ್ಟಿಹಾಕುವುದಕ್ಕೆ? ಎಲ್ಲವೂ ಅಷ್ಟೇ ಆಗಿದ್ದರೆ ಕುದುರೆ ಸರಿಯಾಗಿಯೇ ಕಲಿತಿದೆ. ಮನುಷ್ಯ ಬಂದರೆ ಕಷ್ಟ ಬರುತ್ತದೆ ಎಂದು ಅದಕ್ಕೆ ಗೊತ್ತಾಗಿದೆ.

ಎರಡನೆಯದು, ನಿಮ್ಮ ನಡಿಗೆ. ಹಗ್ಗ ಹಿಡಿದು, ಕಣ್ಣಲ್ಲಿ ಕಣ್ಣಿಟ್ಟು, ಸೀದಾ ತಲೆಯ ಕಡೆ ಬಿರಬಿರನೆ ಹೋಗುತ್ತೀರಾ? ಬೇಟೆಗೆ ಬರುವ ಪ್ರಾಣಿ ಹೀಗೆಯೇ ಬರುತ್ತದೆ. ಹುಲ್ಲು ತಿಂದು ಬದುಕುವ ಪ್ರಾಣಿಗೆ ಇದನ್ನು ಯಾರೂ ಹೇಳಿಕೊಡಬೇಕಾಗಿಲ್ಲ.

ಸರಿಮಾಡುವುದು ಹೀಗೆ. ಓರೆಯಾಗಿ ನಿಧಾನಕ್ಕೆ ನಡೆಯಿರಿ. ಕುದುರೆ ತಲೆ ಎತ್ತಿದ ಕೂಡಲೇ ನಿಲ್ಲಿ. ಅದು ಮತ್ತೆ ಮೇಯತೊಡಗಿದರೆ ಅಥವಾ ನಿಮ್ಮ ಕಡೆ ಒಂದು ಕಿವಿ ತಿರುಗಿಸಿದರೆ, ನೀವು ಎರಡು ಹೆಜ್ಜೆ ಹಿಂದೆ ಸರಿಯಿರಿ. ಹೌದು, ಹಿಂದೆ. ನೀವು ದೂರ ಹೋಗುವುದೇ ಅದಕ್ಕೆ ಬಹುಮಾನ. ಹೀಗೆ ಹತ್ತು ನಿಮಿಷ ಮಾಡಿ, ಮುಟ್ಟದೆಯೇ ಮನೆಗೆ ಹೋಗಿ.

ಗೌರಿಗೆ ಇಷ್ಟೂ ಸಾಲಲಿಲ್ಲ. ಅವಳ ಬೇಲಿಯೊಳಗೆ ಒಂದು ಪ್ಲಾಸ್ಟಿಕ್ ಸ್ಟೂಲ್ ಹಾಕಿಕೊಂಡು ದಿನಾ ಬೆಳಗ್ಗೆ ಇಪ್ಪತ್ತು ನಿಮಿಷ ಪೇಪರ್ ಓದುತ್ತಾ ಕೂರುತ್ತಿದ್ದೆ. ಅವಳ ಕಡೆ ನೋಡುತ್ತಿರಲಿಲ್ಲ. ಮೊದಲ ಮೂರು ದಿನ ಬೇಲಿಯ ಆ ತುದಿಯಲ್ಲೇ ಇದ್ದಳು. ಆಮೇಲೆ ಅರ್ಧ ದೂರ ಬಂದಳು. ಒಂಬತ್ತನೇ ದಿನ ಪೇಪರಿನ ಮೇಲೆ ಬಿಸಿ ಉಸಿರು ಬಿತ್ತು. ಮೂಗಿನ ಹೊಳ್ಳೆ ಅಗಲ ಮಾಡಿ ಪುಟದ ಅಂಚು ಮೂಸಿದಳು, ಆಮೇಲೆ ನನ್ನ ಮೊಣಕೈ ಮೂಸಿದಳು. ಕೈ ಎತ್ತಬೇಕು ಅನ್ನಿಸಿತು. ಎತ್ತಲಿಲ್ಲ. ಆ ದಿನ ಕೈ ಎತ್ತಿದ್ದರೆ ಮತ್ತೆ ಒಂದನೇ ದಿನಕ್ಕೇ ಹೋಗುತ್ತಿದ್ದೆವು ಎಂದು ಈಗಲೂ ನನಗೆ ಅನ್ನಿಸುತ್ತದೆ.

ಹತ್ತಿರ ಬಂದ ಮೇಲೆ ಎಲ್ಲಿ ಮುಟ್ಟಬೇಕು? ಮುಖ ಬೇಡ. ಕುತ್ತಿಗೆ ಮುಗಿದು ಬೆನ್ನು ಶುರುವಾಗುವ ಉಬ್ಬಿನ ಹತ್ತಿರ ಬೆರಳಿನಿಂದ ಕೆರೆಯಿರಿ. ಸ್ನೇಹದಲ್ಲಿರುವ ಕುದುರೆಗಳು ಒಂದನ್ನೊಂದು ಹಲ್ಲಿನಿಂದ ಕೆರೆಯುವ ಜಾಗ ಅದೇ. ಅಲ್ಲಿ ಕೆರೆದಾಗ ಎದೆಬಡಿತ ಇಳಿಯುತ್ತದೆ. ಪಟಪಟ ತಟ್ಟುವುದು ನಮಗೆ ಶಹಬ್ಬಾಸ್, ಕುದುರೆಗೆ ಅದು ಬರೀ ಏಟು.

ಇಷ್ಟಾದರೂ ಒಂದು ಎಚ್ಚರ. ಮೊದಲು ಸಲೀಸಾಗಿ ಸಿಗುತ್ತಿದ್ದ ಕುದುರೆ ಇದ್ದಕ್ಕಿದ್ದಂತೆ ತಪ್ಪಿಸಿಕೊಳ್ಳತೊಡಗಿದರೆ ಇದನ್ನೆಲ್ಲ ಬಿಟ್ಟು ಮುಂದಿನ ಭಾಗಕ್ಕೆ ಹೋಗಿ.

ಲಕ್ಷಣ: ಜೀನು ಹಾಕುವಾಗ ಕಚ್ಚಲು ಬರುತ್ತದೆ, ಬೆನ್ನು ಬಗ್ಗಿಸುತ್ತದೆ

ಇದನ್ನು ನೋವು ಎಂದೇ ತಿಳಿದು ಶುರುಮಾಡಿ. ತಪ್ಪಾದರೂ ನಷ್ಟವಿಲ್ಲ.

ಮೊದಲು ಕೈ. ಭುಜದಿಂದ ಸೊಂಟದವರೆಗೆ, ಬೆನ್ನುಮೂಳೆಯ ಎರಡೂ ಪಕ್ಕ, ಒಂದು ಮಾವಿನ ಹಣ್ಣು ಒತ್ತಿ ನೋಡುವಷ್ಟು ಮಾತ್ರ ಬಲ ಹಾಕಿ ಬೆರಳೆಳೆಯಿರಿ. ಎಲ್ಲಿ ಚರ್ಮ ಅದುರುತ್ತದೆ, ಎಲ್ಲಿ ಬಾಲ ಬೀಸುತ್ತದೆ, ಎಲ್ಲಿ ಉಸಿರು ಹಿಡಿಯುತ್ತದೆ, ನೋಡಿ. ಹೊಟ್ಟೆಪಟ್ಟಿ ಕೂರುವ ಜಾಗದಲ್ಲಿ ಗಾಯ, ಉಣ್ಣೆ ಹುಳು, ಒಣಗಿದ ಬೆವರಿನ ಹಕ್ಕಳೆ ಇದೆಯಾ ನೋಡಿ. ಮಳೆಗಾಲದಲ್ಲಿ ಬೆನ್ನಿನ ಮೇಲೆ ಸಣ್ಣ ಗಂಟುಗಟ್ಟಿ ಕೂದಲು ಗೊಂಚಲಾಗಿ ಕಿತ್ತು ಬರುವ ಚರ್ಮರೋಗವೂ ಬರುತ್ತದೆ. ಜೀನು ಅದರ ಮೇಲೆ ಕೂತರೆ ಯಾರಿಗೆ ತಾನೇ ಸುಮ್ನೆ ನಿಲ್ಲಲು ಆಗುತ್ತದೆ?

ಆಮೇಲೆ ಜೀನು. ಬಿಸಿಲಲ್ಲಿ ಅರ್ಧ ಗಂಟೆ ಕೆಲಸ ಮಾಡಿಸಿ ಜೀನು ತೆಗೆದು ನೋಡಿ. ಬೆವರಿನ ಗುರುತು ಎರಡೂ ಕಡೆ ಒಂದೇ ಸಮ ಇರಬೇಕು. ಸುತ್ತಲೂ ಒದ್ದೆಯಾಗಿ ನಡುವೆ ಒಂದು ಕಡೆ ಮಾತ್ರ ಒಣಗಿದ್ದರೆ, ಅಲ್ಲಿ ಜೀನು ಜಾಸ್ತಿ ಒತ್ತುತ್ತಿರಬಹುದು. ಬಣ್ಣದ ಕೂದಲಿನ ನಡುವೆ ಬಿಳಿ ಕೂದಲಿನ ಚುಕ್ಕೆ ಕಂಡರೆ ಆ ಒತ್ತು ಹಳೆಯದು. ಗೌರಿಗೆ ಎಡಗಡೆ ರೂಪಾಯಿ ನಾಣ್ಯದಷ್ಟು ಬಿಳಿ ಚುಕ್ಕೆ ಇತ್ತು. ನಾನು ಅದನ್ನು ಹುಟ್ಟು ಮಚ್ಚೆ ಅಂದುಕೊಂಡಿದ್ದೆ. ಜೀನಿನ ಕೆಳಗೆ ದಪ್ಪ ಕಂಬಳಿ ಮಡಚಿ ಹಾಕಿದರೆ ಸರಿಹೋಗುತ್ತದೆ ಎಂದು ಬಹಳ ಜನ ತಿಳಿಯುತ್ತಾರೆ. ಬಿಗಿಯಾದ ಶೂ ಒಳಗೆ ಇನ್ನೊಂದು ಸಾಕ್ಸ್ ಹಾಕಿದ ಹಾಗೆ ಅದು. ಇನ್ನೂ ಬಿಗಿಯಾಗುತ್ತದೆ.

ಮೂರನೆಯದು ಹೊಟ್ಟೆ. ಕುದುರೆಯ ಹೊಟ್ಟೆಯಲ್ಲಿ ಆಮ್ಲ ಹಗಲೂ ರಾತ್ರಿ ಊರುತ್ತಲೇ ಇರುತ್ತದೆ, ತಿಂದರೂ ತಿನ್ನದಿದ್ದರೂ. ದಿನವಿಡೀ ಹುಲ್ಲು ಮೇಯುವ ಪ್ರಾಣಿಗೆ ಅದು ಸರಿ. ದಿನಕ್ಕೆ ಎರಡು ಸಲ ಹುರುಳಿ ಬೂಸಾ ಕೊಟ್ಟು ಉಳಿದ ಹೊತ್ತು ಖಾಲಿ ಬಿಟ್ಟರೆ ಹೊಟ್ಟೆಯಲ್ಲಿ ಹುಣ್ಣಾಗುತ್ತದೆ. ರೇಸ್ ಕುದುರೆಗಳಲ್ಲಿ ಇದು ತೀರಾ ಸಾಮಾನ್ಯ. ಪಟ್ಟಿ ಬಿಗಿಯುವಾಗ ಸಿಡುಕುವುದು, ಕಾಳು ಅರ್ಧಕ್ಕೆ ಬಿಡುವುದು, ಮೈ ಇಳಿಯುವುದು, ಕೂದಲಿನ ಹೊಳಪು ಹೋಗುವುದು ಇದರ ಸೂಚನೆ ಇರಬಹುದು. ಒಣಹುಲ್ಲಿನ ತೂಕ ದಿನಕ್ಕೆ ಮೈತೂಕದ ಶೇ. 1.5ಕ್ಕಿಂತ ಕಡಿಮೆ ಆಗಬಾರದು. 400 ಕಿಲೋ ಕುದುರೆಗೆ ಕನಿಷ್ಠ 6 ಕಿಲೋ ಆಯಿತು. ಕೆಲಸಕ್ಕೆ ಮುಂಚೆಯೂ ಸ್ವಲ್ಪ ಹುಲ್ಲು ಕೊಡಿ. ಹುಣ್ಣು ಇದೆಯೋ ಇಲ್ಲವೋ ಎಂದು ಖಚಿತವಾಗುವುದು ಪಶುವೈದ್ಯರು ಕೊಳವೆ ಇಳಿಸಿ ನೋಡಿದಾಗ ಮಾತ್ರ. ಮನುಷ್ಯರ ಗ್ಯಾಸ್ ಮಾತ್ರೆಯನ್ನು ನೀವೇ ಕೊಡಬೇಡಿ.

ಮೈ, ಜೀನು, ಹೊಟ್ಟೆ ಮೂರೂ ಸರಿಹೋದ ಮೇಲೂ ಕೆಲವು ದಿನ ಸಿಡುಕು ಉಳಿಯುತ್ತದೆ. ನೋವು ಹೋದರೂ ನೆನಪು ಇರುತ್ತದೆ. ಆಗ ಜೀನು ತೋರಿಸಿ, ಕಿವಿ ಮುಂದೆ ಬಂದ ಕೂಡಲೇ ಜೀನು ವಾಪಸ್ ಒಯ್ಯಿರಿ. ಹಾಕಬೇಡಿ. ಮರುದಿನ ಬೆನ್ನಿಗೆ ತಾಗಿಸಿ ತೆಗೆಯಿರಿ. ಪಟ್ಟಿಯನ್ನು ಒಂದೇ ಸಲ ಬಿಗಿಯದೆ, ಒಂದೊಂದೇ ತೂತು, ನಡುವೆ ನಾಲ್ಕು ಹೆಜ್ಜೆ ನಡೆಸಿ ಬಿಗಿಯಿರಿ.

ಲಕ್ಷಣ: ಕಡಿವಾಣ ಕಂಡರೆ ತಲೆ ಎತ್ತುತ್ತದೆ

ಬಾಯಿ ನೋಡಿಸಿ. ಕುದುರೆಯ ಹಲ್ಲು ವಯಸ್ಸಾದರೂ ಮೇಲೆ ಬರುತ್ತಲೇ ಇರುತ್ತದೆ. ಒಂದೇ ಸಮ ಸವೆಯದಿದ್ದರೆ ದವಡೆ ಹಲ್ಲಿನ ಅಂಚು ಚೂಪಾಗಿ ಕೆನ್ನೆ, ನಾಲಗೆ ಕುಯ್ಯುತ್ತದೆ. ತಿನ್ನುವಾಗ ಅಗಿದ ಹುಲ್ಲಿನ ಉಂಡೆ ಉದುರಿಸುವುದು, ತಲೆ ಓರೆ ಮಾಡಿ ಅಗಿಯುವುದು, ಲದ್ದಿಯಲ್ಲಿ ಇಡೀ ಕಾಳು ಬರುವುದು, ಬಾಯಿ ವಾಸನೆ ಇದರ ಗುರುತು. ವರ್ಷಕ್ಕೊಮ್ಮೆ ವೈದ್ಯರಿಂದ ಹಲ್ಲು ಉಜ್ಜಿಸಬೇಕು. ನೀವೇ ಬಾಯೊಳಗೆ ಕೈ ಹಾಕಿ ಹುಡುಕಬೇಡಿ, ದವಡೆ ಹಲ್ಲಿಗೆ ಸಿಕ್ಕಿದ ಬೆರಳು ಉಳಿಯುವುದಿಲ್ಲ. ಹಲ್ಲು ಸರಿಯಾಗುವವರೆಗೆ ಬಾಯಿಗೆ ಕಬ್ಬಿಣವಿಲ್ಲದ ಹಾಲ್ಟರ್‌ನಲ್ಲೇ ನೆಲದ ಕೆಲಸ, ಅಂದರೆ ಬೆನ್ನು ಹತ್ತದೆ ಪಕ್ಕದಲ್ಲಿ ನಿಂತು ಮಾಡಿಸುವ ಕೆಲಸ, ಮಾಡಿಸಿ. ಚಳಿಗಾಲದ ಬೆಳಗ್ಗೆ ಕಬ್ಬಿಣವನ್ನು ಅಂಗೈಯಲ್ಲಿ ಹಿಡಿದು ಬೆಚ್ಚಗೆ ಮಾಡಿ ಹಾಕುವುದು ಸಣ್ಣ ವಿಷಯ, ಆದರೆ ಕುದುರೆಗೆ ಗೊತ್ತಾಗುತ್ತದೆ.

ಲಕ್ಷಣ: ಕಾಲು ಎತ್ತಲು ಕೊಡುವುದಿಲ್ಲ

ಒಂದೇ ಕಾಲಿನಲ್ಲಿ ತಕರಾರೋ, ನಾಲ್ಕರಲ್ಲೂ ತಕರಾರೋ? ಈ ಒಂದು ಪ್ರಶ್ನೆಗೆ ಅರ್ಧ ಉತ್ತರ ಸಿಗುತ್ತದೆ.

ಒಂದೇ ಕಾಲು ಆದರೆ ಆ ಕಾಲು ನೋಯುತ್ತಿರಬಹುದು, ಅಥವಾ ಅದನ್ನು ಎತ್ತಿದಾಗ ಭಾರ ಹೊರುವ ಎದುರಿನ ಕಾಲು ನೋಯುತ್ತಿರಬಹುದು. ಎರಡನೆಯದನ್ನು ಜನ ಮರೆಯುತ್ತಾರೆ. ಎರಡೂ ಗೊರಸಿನ ಮೇಲೆ ಅಂಗೈಯಿಟ್ಟು ಬಿಸಿ ಹೋಲಿಸಿ. ಗೊರಸಿನ ಮೇಲಿನ ಗಂಟಿನ ಹಿಂದೆ, ಎರಡು ಪಕ್ಕದಲ್ಲಿ ಬೆರಳಿಟ್ಟರೆ ನಾಡಿ ಸಿಗುತ್ತದೆ. ಆರೋಗ್ಯವಾಗಿದ್ದಾಗ ಅದು ಹುಡುಕಿದರೂ ಸರಿಯಾಗಿ ಸಿಗದಷ್ಟು ಮೆಲ್ಲಗಿರುತ್ತದೆ. ಬೆರಳಿಗೆ ಬಡಿಯುವಂತಿದ್ದರೆ ಒಳಗೆ ಉರಿಯೂತವೋ ಕೀವೋ ಇದೆ. ಮುಂಗಾಲು ಎರಡನ್ನೂ ಮುಂದಕ್ಕೆ ಚಾಚಿ ಹಿಂದಕ್ಕೆ ಭಾರ ಹಾಕಿ ನಿಂತಿದ್ದರೆ ಗೊರಸಿನ ಒಳಪದರ ಉರಿಯುತ್ತಿರಬಹುದು. ಇದು ತುರ್ತು. ನಡೆಸಬೇಡಿ, ಕಾಳು ನಿಲ್ಲಿಸಿ, ವೈದ್ಯರಿಗೆ ಫೋನ್ ಮಾಡಿ. ಕಾಳಿನ ಚೀಲಕ್ಕೆ ಕದ್ದು ಬಾಯಿ ಹಾಕಿದ ಕುದುರೆಗೆ ಹೀಗಾಗುತ್ತದೆ.

ನಾಲ್ಕರಲ್ಲೂ ತಕರಾರು ಇದ್ದರೆ ಬಹಳ ಸಲ ಅದು ಭಯ. ಕಾಲೇ ಕುದುರೆಯ ಪ್ರಾಣ, ಓಡಲು ಆಗದಿದ್ದರೆ ಅದಕ್ಕೆ ಬೇರೆ ದಾರಿಯಿಲ್ಲ. ಭುಜದಿಂದ ಕೈ ಇಳಿಸುತ್ತಾ ಬನ್ನಿ. ಮೊಣಕಾಲಿಗೆ ಬಂದಾಗ ಬಿಗಿಯಾದರೆ ಅಲ್ಲೇ ನಿಲ್ಲಿ, ಸಡಿಲಾದ ಮೇಲೆ ಕೈ ತೆಗೆಯಿರಿ. ಮೊದಲ ದಿನ ಗೊರಸು ನೆಲದಿಂದ ಒಂದು ಅಂಗುಲ ಎದ್ದರೆ ಸಾಕು, ಅದು ಎಳೆದುಕೊಳ್ಳುವ ಮೊದಲೇ ನೀವೇ ಮೆತ್ತಗೆ ಕೆಳಗಿಡಿ. ಲಾಳ ಹೊಡೆಯುವವರು ಬರುವ ದಿನವೇ ಈ ಪಾಠ ಶುರುಮಾಡಬೇಡಿ. ಗೊರಸು ಕತ್ತರಿಸುವುದು ಹೇಗೂ 6ರಿಂದ 8 ವಾರಕ್ಕೊಮ್ಮೆ ಬರುವ ಕೆಲಸ, ನಡುವೆ ಬೇಕಾದಷ್ಟು ದಿನ ಸಿಗುತ್ತದೆ.

ಲಕ್ಷಣ: ಸಣ್ಣದಕ್ಕೂ ಬೆಚ್ಚುತ್ತದೆ

ಒಂದೇ ಪಕ್ಕದಿಂದ ಬಂದದ್ದಕ್ಕೆ ಮಾತ್ರ ಬೆಚ್ಚಿದರೆ ಆ ಪಕ್ಕದ ಕಣ್ಣು ತೋರಿಸಿ. ಕಣ್ಣು ಮಬ್ಬಾಗಿದ್ದರೆ, ನೀರು ಸುರಿಯುತ್ತಿದ್ದರೆ, ಬಿಸಿಲಿಗೆ ಮುಚ್ಚಿಕೊಂಡಿದ್ದರೆ ಅದೇ ದಿನ ತೋರಿಸಿ. ಕಣ್ಣಿನ ವಿಷಯದಲ್ಲಿ ನಾಳೆ ನೋಡೋಣ ಅನ್ನಬೇಡಿ.

ಕಣ್ಣು ಸರಿಯಿದ್ದರೆ ಮೇವು ನೋಡಿ. ಕೆಲಸ ಕಡಿಮೆ, ಕಾಳು ಜಾಸ್ತಿ ಆಗಿದೆಯಾ? ದಿನಕ್ಕೆ 20 ಗಂಟೆ ಲಾಯದೊಳಗೆ ಕಟ್ಟಿರುತ್ತೀರಾ? ಜೊತೆಗೆ ಇನ್ನೊಂದು ಪ್ರಾಣಿ ಇದೆಯಾ? ಕುದುರೆ ಹಿಂಡಿನ ಜೀವ. ಒಂಟಿಯಾಗಿದ್ದರೆ ಕಾವಲೂ ಅದೇ ಕಾಯಬೇಕು, ಹಾಗಾಗಿ ಸದಾ ಎಚ್ಚರ. ನಮ್ಮಲ್ಲಿ ಒಂದು ಮೇಕೆ ತಂದು ಬಿಟ್ಟ ಮೇಲೆ ಗೌರಿ ಹಗಲು ಹೊತ್ತಿನಲ್ಲಿ ಮಲಗತೊಡಗಿದಳು. ಕುದುರೆ ನಿಂತೇ ತೂಕಡಿಸುತ್ತದೆ, ಆದರೆ ಗಾಢ ನಿದ್ದೆಗೆ ನೆಲದ ಮೇಲೆ ಮಲಗಲೇಬೇಕು. ಮಲಗುವುದೇ ಇಲ್ಲ ಅಂದರೆ ಜಾಗದ ಮೇಲೆ ನಂಬಿಕೆ ಇಲ್ಲ, ಇಲ್ಲವೇ ಎಲ್ಲೋ ನೋವಿದೆ.

ಆಮೇಲೆ ಅಭ್ಯಾಸ. ಪ್ಲಾಸ್ಟಿಕ್ ಕವರಿಗೆ ಹೆದರಿದರೆ, ಕವರನ್ನು ಕುದುರೆ ನೋಡಿಯೂ ಮೇವು ಬಿಡದಷ್ಟು ದೂರದಲ್ಲಿ ಹಿಡಿಯಿರಿ. ತಲೆ ತಗ್ಗಿಸಿದಾಗ, ಉಸಿರು ಬಿಟ್ಟಾಗ ಕವರು ದೂರ ಒಯ್ಯಿರಿ. ಕುದುರೆ ಹಾರುತ್ತಿರುವಾಗ ತೆಗೆದರೆ ಹಾರುವುದೇ ಸರಿ ಎಂದು ಅದು ಕಲಿಯುತ್ತದೆ. ಹಾಗಾಗಬಾರದು ಅಂದರೆ ಹಾರದಷ್ಟು ದೂರದಿಂದಲೇ ಶುರುಮಾಡಬೇಕು. ಕಟ್ಟಿಹಾಕಿ ಮೈಮೇಲೆ ಕವರು ಬಡಿಯುವವರನ್ನು ನೋಡಿದ್ದೇನೆ. ದಯವಿಟ್ಟು ಹಾಗೆ ಮಾಡಬೇಡಿ. ದೀಪಾವಳಿಯ ಪಟಾಕಿಗೆ ಯಾವ ಅಭ್ಯಾಸವೂ ಸಾಲದು. ಆ ಮೂರು ದಿನ ಚೂಪಾದ ತಂತಿ ಇಲ್ಲದ ಜಾಗ, ಹೊಟ್ಟೆ ತುಂಬ ಹುಲ್ಲು, ಪರಿಚಯದ ಮನುಷ್ಯ ಹತ್ತಿರ, ಅಷ್ಟೇ.

ಲಕ್ಷಣ: ನಿಂತಲ್ಲೇ ನಿಲ್ಲುತ್ತದೆ, ಗಾಡಿ ಹತ್ತುವುದಿಲ್ಲ

ಮೈ ನೋಡಿದ್ದಾಯಿತು, ನೋವಿಲ್ಲ. ಹಾಗಾದರೆ ಈಗ ನಮ್ಮ ಕೈ ನೋಡಿಕೊಳ್ಳಬೇಕು. ಹಗ್ಗ ಬಿಗಿಯಿತು, ಕುದುರೆ ಒಂದು ಹೆಜ್ಜೆ ಇಟ್ಟಿತು, ಆದರೂ ಹಗ್ಗ ಬಿಗಿಯೇ ಇದೆ. ಹೆಜ್ಜೆ ಇಟ್ಟು ಏನು ಸಿಕ್ಕಿತು ಅದಕ್ಕೆ? ಒತ್ತಡ ನಿಂತ ಕ್ಷಣದಲ್ಲಿ ಏನು ಮಾಡುತ್ತಿತ್ತೋ ಅದನ್ನೇ ಕುದುರೆ ಸರಿ ಎಂದು ಹಿಡಿಯುತ್ತದೆ. ಹೆಜ್ಜೆ ಎತ್ತಿದ ಕ್ಷಣಕ್ಕೇ ಹಗ್ಗ ಸಡಿಲಾಗಬೇಕು. ಎರಡು ಸೆಕೆಂಡ್ ತಡವಾದರೂ ಅದಕ್ಕೆ ಲೆಕ್ಕ ತಪ್ಪುತ್ತದೆ. ಗೆಳೆಯರೊಬ್ಬರ ಕೈಗೆ ಹಗ್ಗದ ಆ ತುದಿ ಕೊಟ್ಟು, ಕಣ್ಣು ಮುಚ್ಚಿಸಿ, ಹಗ್ಗದಿಂದಲೇ ನಡೆಸಿ ನೋಡಿ. ನೀವು ಎಷ್ಟು ತಡವಾಗಿ ಬಿಡುತ್ತೀರಿ ಎಂದು ಅವರು ಹೇಳುತ್ತಾರೆ.

ಗಾಡಿಗಾದರೆ ಹಲಗೆಯ ಮೇಲೆ ಒಂದು ಕಾಲಿಟ್ಟು ವಾಪಸ್ ಬರುವುದೇ ಅವತ್ತಿನ ಪಾಠ. ಹಿಂದಿನಿಂದ ಹೊಡೆದು ಹತ್ತಿಸಿದರೆ ಒಂದು ಸಲ ಹತ್ತೀತು, ಮುಂದಿನ ಸಲ ಗಾಡಿಯ ಸದ್ದಿಗೇ ಓಡೀತು.

ಲಕ್ಷಣ: ಏನು ಮಾಡಿದರೂ ಸುಮ್ಮನಿರುತ್ತದೆ

ಇದನ್ನು ಯಾರೂ ದೋಷ ಎಂದು ತಿಳಿಯುವುದಿಲ್ಲ. ನನಗೆ ಜಾಸ್ತಿ ಚಿಂತೆ ಆಗುವುದು ಇಂಥ ಕುದುರೆ ಕಂಡಾಗಲೇ. ಕಣ್ಣು ಅರ್ಧ ತೆರೆದು ಎಲ್ಲೂ ನೋಡುವುದಿಲ್ಲ. ಕಿವಿ ಸದ್ದಿಗೆ ತಿರುಗುವುದಿಲ್ಲ. ನೊಣ ಕೂತರೂ ಚರ್ಮ ಅದುರಿಸುವುದಿಲ್ಲ. ತುಟಿ ಬಿಗಿ, ಮೂಗಿನ ಹೊಳ್ಳೆ ಬಿಗಿ. ಹೊಡೆದು ಹೊಡೆದು ಪಳಗಿಸಿದ ಕುದುರೆ, ಏನು ಮಾಡಿದರೂ ಏಟು ತಪ್ಪದು ಎಂದು ತಿಳಿದ ಮೇಲೆ, ಹೀಗೆ ಒಳಗೆ ಹೋಗಿಬಿಡುತ್ತದೆ. ಒಂದು ದಿನ ಒಮ್ಮೆಗೇ ಸಿಡಿಯುವುದೂ ಇಂಥದ್ದೇ.

ಮೊದಲು ರಕ್ತಹೀನತೆ, ಜಂತು, ಜ್ವರ ಇಲ್ಲ ಎಂದು ವೈದ್ಯರಿಂದ ಖಾತ್ರಿ ಮಾಡಿಕೊಳ್ಳಿ. ಆಮೇಲೆ ಒಂದು ತಿಂಗಳು ಕೆಲಸವೇ ಬೇಡ. ಬಯಲು, ಹುಲ್ಲು, ಇನ್ನೊಂದು ಕುದುರೆಯ ಜೊತೆ. ಬ್ರಶ್ ತೋರಿಸಿ, ಅದು ತಲೆ ಆಚೆ ತಿರುಗಿಸಿದರೆ "ಬೇಡ" ಎಂದು ತಿಳಿದು ಇಟ್ಟುಬಿಡಿ. ಬೇಡ ಅನ್ನಬಹುದು ಎಂದು ಗೊತ್ತಾದ ಕುದುರೆ ಮೊದಮೊದಲು ಎಲ್ಲದಕ್ಕೂ ಬೇಡ ಅನ್ನುತ್ತದೆ. ಮೊದಲಿಗಿಂತ ಹಾಳಾಯಿತಲ್ಲ ಎಂದು ಮನೆಯವರು ಹೇಳುತ್ತಾರೆ. ತಾಳ್ಮೆ ಇರಲಿ, ಅದು ವಾಪಸ್ ಬರುತ್ತಿದೆ.

ಬಾಯಿ ಚಪ್ಪರಿಸಿದರೆ, ನಾಲಗೆ ಆಡಿಸಿದರೆ "ಒಪ್ಪಿಕೊಂಡಿತು" ಅನ್ನುವವರಿದ್ದಾರೆ. ಗಾಬರಿ ಇಳಿಯುವಾಗಲೂ ಕುದುರೆ ಹೀಗೆ ಮಾಡುತ್ತದೆ. ಅಂದರೆ ಅದಕ್ಕೆ ಮುಂಚೆ ಗಾಬರಿ ಇತ್ತು ಎಂದಾಯಿತು.

ಲಕ್ಷಣ: ಬಾಗಿಲು ಕಚ್ಚಿ ಗಾಳಿ ಎಳೆಯುತ್ತದೆ, ನಿಂತಲ್ಲೇ ತೂಗುತ್ತದೆ

ಹುಲ್ಲು ಕಡಿಮೆ, ಒಂಟಿತನ, ಲಾಯದ ಸೆರೆ. ಈ ಮೂರನ್ನು ಸರಿಮಾಡಿ. ಕುತ್ತಿಗೆಗೆ ಪಟ್ಟಿ ಬಿಗಿದರೆ ಚಟ ಕಾಣುವುದಿಲ್ಲ, ಕಾರಣ ಅಲ್ಲೇ ಇರುತ್ತದೆ. ಹಳೆಯ ಚಟ ಪೂರ್ತಿ ಹೋಗದೆಯೂ ಇರಬಹುದು, ಅದಕ್ಕಾಗಿ ಕುದುರೆಯನ್ನು ಬಯ್ಯಬೇಡಿ.

ಇಲ್ಲಿಗೆ ನಿಲ್ಲಿಸಿ, ವೈದ್ಯರನ್ನು ಕರೆಯಿರಿ

ಹೊಟ್ಟೆನೋವು: ಮುಂಗಾಲಿನಿಂದ ನೆಲ ಕೆರೆಯುವುದು, ತಿರುಗಿ ಹೊಟ್ಟೆ ನೋಡಿಕೊಳ್ಳುವುದು, ಮಲಗಿ ಏಳುವುದು, ಹೊರಳಾಡುವುದು, ಲದ್ದಿ ಹಾಕದಿರುವುದು, ತಣ್ಣನೆ ಬೆವರು. ಕುದುರೆಗೆ ವಾಂತಿ ಮಾಡಲು ಆಗುವುದಿಲ್ಲ, ಹಾಗಾಗಿ ಒಳಗಿನದ್ದು ಹೊಟ್ಟೆಯನ್ನೇ ಒಡೆಯಬಹುದು. ಮೇವು ತೆಗೆಯಿರಿ. ದನಕ್ಕೆ ಹಾಕಿದ ಹಾಗೆ ಗೊಟ್ಟದಲ್ಲಿ ಎಣ್ಣೆ ಹಾಕಲೇಬೇಡಿ. ಶ್ವಾಸಕ್ಕೆ ಹೋದರೆ ಹೊಟ್ಟೆನೋವಿಗಿಂತ ಮೊದಲು ಅದೇ ಕೊಲ್ಲುತ್ತದೆ.

ಸ್ವಭಾವ ಒಂದೆರಡು ದಿನದಲ್ಲಿ ಪೂರ್ತಿ ಬದಲಾಗಿ, ನುಂಗಲು ಕಷ್ಟಪಡುತ್ತಾ, ಜೊಲ್ಲು ಸುರಿಸುತ್ತಾ, ತನ್ನ ಮೈಯನ್ನೇ ಕಚ್ಚಿಕೊಂಡರೆ ರೇಬಿಸ್ ಇರಬಹುದು. ನಾಯಿ ಕಚ್ಚಿದ್ದು ನೀವು ನೋಡಿರಲೇಬೇಕು ಎಂದೇನಿಲ್ಲ. ಗಂಟಲಲ್ಲಿ ಏನೋ ಸಿಕ್ಕಿದೆ ಎಂದು ಬಾಯಿಗೆ ಕೈ ಹಾಕಬೇಡಿ. ಜೊಲ್ಲು ತಾಗಿದ್ದರೆ 15 ನಿಮಿಷ ಸೋಪು ನೀರಿನಲ್ಲಿ ತೊಳೆದು, ಅದೇ ದಿನ ಆಸ್ಪತ್ರೆಗೆ ಹೋಗಿ. ಮೂಗಿನಿಂದ ಅಂಟಂಟು ಕೀವು, ಚರ್ಮದ ಮೇಲೆ ಗಂಟು ಒಡೆದು ಹುಣ್ಣಾಗಿದ್ದರೆ ಗ್ಲ್ಯಾಂಡರ್ಸ್ ಇರಬಹುದು. ಅದು ಮನುಷ್ಯರಿಗೂ ಹರಡುತ್ತದೆ. ಕುದುರೆಯನ್ನು ಬೇರೆ ಕಟ್ಟಿ, ಪಶುಪಾಲನಾ ಇಲಾಖೆಗೆ ತಿಳಿಸಲೇಬೇಕು. ಮೊಳೆ ಚುಚ್ಚಿದ ಗಾಯವಾದರೆ ಧನುರ್ವಾಯು ಲಸಿಕೆ ಯಾವಾಗ ಹಾಕಿಸಿದ್ದು ಎಂದು ನೋಡಿ, ಕುದುರೆಗೆ ಅದು ಬೇಗ ತಗಲುತ್ತದೆ.

ಹತ್ತಿರ ಪಶುವೈದ್ಯರಿಲ್ಲದಿದ್ದರೆ ಪಶು ಸಂಚಾರಿ ಆಸ್ಪತ್ರೆಯ 1962ಕ್ಕೆ ಕರೆ ಮಾಡಿ. ಬೆಂಗಳೂರು ಸುತ್ತಮುತ್ತ ಇದ್ದರೆ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜು ಇದೆ.

ಫೋನಿನಲ್ಲಿ ಅವರು ಕೇಳುವುದು ನಾಲ್ಕು ವಿಷಯ: ಜ್ವರ, ನಾಡಿ, ಉಸಿರು, ಕೊನೆಯ ಲದ್ದಿ. ಸುಮ್ಮನಿದ್ದಾಗ ದೊಡ್ಡ ಕುದುರೆಯ ಮೈಬಿಸಿ 37.5ರಿಂದ 38.5 ಡಿಗ್ರಿ ಸೆಲ್ಸಿಯಸ್, ನಾಡಿ ನಿಮಿಷಕ್ಕೆ 28ರಿಂದ 44, ಉಸಿರು 8ರಿಂದ 16. ನಾಡಿಯನ್ನು ದವಡೆ ಮೂಳೆಯ ಕೆಳಗಿನ ಅಂಚಿನಲ್ಲಿ, ಹುರಿಯಂತೆ ಬೆರಳಿಗೆ ಸಿಗುವ ರಕ್ತನಾಳದ ಮೇಲೆ 15 ಸೆಕೆಂಡ್ ಎಣಿಸಿ ನಾಲ್ಕರಿಂದ ಗುಣಿಸಿ. ಆರೋಗ್ಯವಾಗಿದ್ದಾಗಲೇ ಒಂದು ವಾರ ದಿನಾ ಎಣಿಸಿ, ನಿಮ್ಮ ಕುದುರೆಯ ಲೆಕ್ಕ ಎಷ್ಟು ಎಂದು ತಿಳಿದಿಟ್ಟುಕೊಳ್ಳಿ. ನಮ್ಮ ಲಾಯದ ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ "ಗೌರಿ, ನಾಡಿ 36" ಎಂದು ಬರೆದಿದೆ. ಅದರ ಕೆಳಗೆ ವೈದ್ಯರ ನಂಬರು.